ಬೆಕ್ಕಿನ ಚಿಗಟ: ಔಷಧಿ ಹಾಕಿದ ಮೇಲೂ ಏಕೆ ಮರಳುತ್ತದೆ?

ಎರಡು ಬಾರಿ ಔಷಧಿ ಹಾಕಿದ ಮೇಲೂ ಬೆಕ್ಕು ಕೆರೆದುಕೊಳ್ಳುವುದು ನಿಂತಿಲ್ಲ, ಈಗ ಅದರ ಪುಟ್ಟ ಮರಿಗಳ ಮೈಮೇಲೂ ಚಿಗಟ ಕಾಣಿಸುತ್ತಿದೆ, ಔಷಧಿಯನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಮೂರು ಬೆಕ್ಕುಗಳಿರುವ ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ನಾನು ಬೆಕ್ಕಿನ ಮೈಯನ್ನಷ್ಟೇ ನೋಡಿ, ಅದು ಮಲಗುವ ಜಾಗಗಳನ್ನು ಮರೆತಿದ್ದೆ.

ರಕ್ತ ಹೀರಿದ ಹೆಣ್ಣು ಚಿಗಟ ಒಂದೆರಡು ದಿನಗಳಲ್ಲಿಯೇ ಮೊಟ್ಟೆಯಿಡಲು ತೊಡಗಿ, ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಆ ಮೊಟ್ಟೆಗಳು ಹೇನಿನ ಸೀರಿನಂತೆ ಕೂದಲಿಗೆ ಅಂಟಿಕೊಳ್ಳದೆ, ಬೆಕ್ಕು ಓಡಾಡಿದ ಮತ್ತು ಮಲಗಿದ ಕಡೆಗಳಲ್ಲೆಲ್ಲ ಉದುರುತ್ತವೆ. ಅವುಗಳಿಂದ ಹೊರಬಂದ ಮರಿಹುಳುಗಳು ಬೆಳಕಿಗೆ ಹೆದರಿ ಜಮಖಾನೆಯ ಬುಡಕ್ಕೂ ನೆಲದ ಬಿರುಕುಗಳಿಗೂ ಸೇರಿಕೊಂಡು, ಕೊನೆಗೆ ಗೂಡು ಕಟ್ಟಿಕೊಳ್ಳುತ್ತವೆ. ಈ ಗೂಡಿನೊಳಗೆ ಕೀಟನಾಶಕ ಸುಲಭವಾಗಿ ತಲುಪುವುದಿಲ್ಲ. ಅದರಲ್ಲಿರುವ ಚಿಗಟ ತಿಂಗಳುಗಟ್ಟಲೆ ಕಾದಿದ್ದು, ಹತ್ತಿರದಲ್ಲಿ ಕಂಪನವನ್ನೋ ಮೈಶಾಖವನ್ನೋ ಉಸಿರನ್ನೋ ಗ್ರಹಿಸಿದಾಗ ಹೊರಬೀಳುತ್ತದೆ. ಔಷಧಿ ಹಾಕಿದ ಕೆಲವು ವಾರಗಳವರೆಗೆ ನಿಮಗೆ ಕಾಣುತ್ತಿರುವುದು ಬಹುಮಟ್ಟಿಗೆ ಹೀಗೆ ಹೊಸದಾಗಿ ಬಂದ ಚಿಗಟಗಳೇ. ಆದ್ದರಿಂದ ವೈದ್ಯರು ಕೊಟ್ಟ ಔಷಧಿಯನ್ನು ಅವರು ಹೇಳಿದ ಅಂತರದಲ್ಲಿ ಕನಿಷ್ಠ ಮೂರು ತಿಂಗಳಾದರೂ ತಪ್ಪದೆ, ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಕೊಡಬೇಕು. ಒಂದನ್ನು ಬಿಟ್ಟರೂ ಶ್ರಮವೆಲ್ಲ ವ್ಯರ್ಥ. ಹನಿಯ ರೂಪದ ಔಷಧಿಯಾದರೆ ಕೂದಲನ್ನು ಬಿಡಿಸಿ, ಬೆಕ್ಕಿನ ನಾಲಿಗೆಗೆ ಎಟುಕದ ಹಾಗೆ ತಲೆಬುರುಡೆಯ ಕೆಳಗೆ ಕತ್ತಿನ ಹಿಂಭಾಗದ ಚರ್ಮದ ಮೇಲೆಯೇ ಹಾಕಿ. ನಾನು ಮೊದಲು ಕೂದಲಿನ ಮೇಲೆ ಸುರಿದು ಅರ್ಧ ಔಷಧಿಯನ್ನು ಹಾಳುಮಾಡಿದ್ದೆ.

ಬೆಕ್ಕಿನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸೋಫಾದ ಸಂದುಗಳಲ್ಲಿ, ಮಂಚದ ಕೆಳಗೆ ದಿನವೂ ಆಡಿಸಿ, ಕಸವನ್ನು ಕೂಡಲೇ ಕಟ್ಟಿ ಹೊರಗೆ ಹಾಕಿ. ಅದರ ಕಂಪನಕ್ಕೆ ಗೂಡಿನ ಚಿಗಟಗಳು ಹೊರಬರುವುದರಿಂದ ಕೆಲಸ ಇನ್ನೂ ಸುಲಭವಾಗುತ್ತದೆ.

ನಾಯಿಗೆಂದು ಮಾರುವ ಔಷಧಿಯನ್ನು ಬೆಕ್ಕಿಗೆ ಒಂದು ಹನಿಯೂ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಂಥ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ನಡುಕ, ಸೆಳೆತ ಬಂದು ಪ್ರಾಣವೇ ಹೋಗಬಹುದು. ಸಹಜವಾದದ್ದೆಂದು ಹಚ್ಚುವ ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ.

ಕೆರೆತಕ್ಕೆ ಚಿಗಟವೇ ಕಾರಣವೇ ಎಂಬ ಅನುಮಾನವಿದ್ದರೆ, ಸೀರಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಹಾಕಿ. ಅದು ಕೆಂಗಂದು ಬಣ್ಣ ಬಿಟ್ಟರೆ ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಗುದದ ಸುತ್ತ ಅಕ್ಕಿಕಾಳಿನಂಥ ಚೂರುಗಳು ಕಂಡರೆ ಲಾಡಿಹುಳುವಿಗೂ ಔಷಧಿ ಕೇಳಿ. ಮೈ ನೆಕ್ಕುವಾಗ ಚಿಗಟವನ್ನು ನುಂಗುವುದರಿಂದ ಅದು ಬರಬಹುದು.

ಮರಿಗಳ ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಅನೇಕ ಔಷಧಿಗಳನ್ನು ಎಂಟು ವಾರ ತುಂಬದ ಮರಿಗಳಿಗೆ ಹಾಕುವಂತಿಲ್ಲ. ಅಲ್ಲಿಯವರೆಗೆ ದಿನಕ್ಕೆರಡು ಬಾರಿ ಸೀರಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಅದ್ದಬೇಕು. ತಾಯಿಗೆ ಹಾಲೂಡಿಸುವಾಗಲೂ ಸುರಕ್ಷಿತವಾದ ಔಷಧಿಯನ್ನು ವೈದ್ಯರಿಂದ ಕೇಳಿ ಪಡೆಯಬೇಕು. ದಿನವೂ ಮರಿಗಳ ಒಸಡನ್ನು ನೋಡಿ. ಅದು ಬಿಳಿಚಿಕೊಂಡಿದ್ದರೆ, ಮರಿ ಮಂಕಾಗಿ ಹಾಲು ಬಿಟ್ಟಿದ್ದರೆ, ರಕ್ತಹೀನತೆ ಆಗಿರಬಹುದು. ಮರುದಿನಕ್ಕೆ ಕಾಯದೆ ಆಗಲೇ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.