ಎಂಜಿನ್ ‘ಹಿಡಿದುಕೊಂಡಿತು’ ಸರಿ, ‘ಫೋರ್ಜ್ಡ್’ ಪಿಸ್ಟನ್ನಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ಕೇಳಬೇಕಿತ್ತು: ಎಂಜಿನ್ ‘ಸೀಜ್ ಆಗು’ ಅನ್ನುವುದು, ಪಿಸ್ಟನ್ನಿನ ‘ಫೋರ್ಜ್ಡ್’ (ಲೋಹ ಕಾಯಿಸಿ ಅದುಮಿ ಮಾಡಿದ್ದು) ಅನ್ನುವುದು. ಒಂದಕ್ಕೆ ಉತ್ತರ ಸಿಕ್ಕಿದೆ ಅಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಇನ್ನೊಂದಕ್ಕೆ ನಿಮ್ಮ ಸಹಾಯ ಬೇಕೇಬೇಕು.

ಹೋದ ತಿಂಗಳು ನನ್ನ ಹಳೇ ಯಮಹಾ ಆರ್‌ಎಕ್ಸ್ 100 ನಂಜನಗೂಡು ರಸ್ತೆಯಲ್ಲಿ ಕೈಕೊಟ್ಟಿತು. ಒಳ್ಳೇ ವೇಗದಲ್ಲಿದ್ದೆ. ಮೊದಲು ಎಳೆತ ಕಮ್ಮಿಯಾಯಿತು, ಯಾರೋ ಹಿಂದಿನಿಂದ ಗಾಡಿ ಜಗ್ಗುತ್ತಿರುವ ಹಾಗೆ. ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದೆ, ಅದೇ ತಪ್ಪಾಯಿತು. ಕೀರ್ ಅಂತ ಒಂದು ಸದ್ದು, ಹಿಂದಿನ ಚಕ್ರ ನಿಂತೇ ಹೋಯಿತು, ಟೈರು ರಸ್ತೆಗೆ ಉಜ್ಜಿಕೊಂಡು ಹೋಗುತ್ತಿತ್ತು. ತಕ್ಷಣ ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ.

ಬದಿಗೆ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದೆ. “ಗಾಡಿ ಸೀಜ್ ಆಗಿದೆ ಅಮ್ಮ, ಬರೋದು ತಡ ಆಗುತ್ತೆ.” ಅಮ್ಮನಿಗೆ ಗಾಬರಿ. “ಅಯ್ಯೋ, ಪೊಲೀಸ್ನೋರು ಯಾಕೋ ಹಿಡಿದ್ರು? ಇನ್ಶೂರೆನ್ಸ್ ಕಟ್ಟಿರಲಿಲ್ವಾ?”

ಅಮ್ಮನ ತಪ್ಪೇನೂ ಇಲ್ಲ. ಪೇಪರಿನಲ್ಲಿ, ಟೀವಿಯಲ್ಲಿ ದಿನಾ ಬರುವುದು ‘ಬೈಕ್ ಸೀಜ್’ ಅಂತಲೇ, ಅಂದರೆ ಜಪ್ತಿ. ಕಂತು ಕಟ್ಟದಿದ್ದರೆ ಫೈನಾನ್ಸಿನವರು ಮಾಡುವುದೂ ಸೀಜ್. ಎಂಜಿನ್ ನಿಂತರೂ ಸೀಜ್. ಮೂರಕ್ಕೂ ‘ಗಾಡಿ ಸೀಜ್ ಆಯಿತು’ ಅನ್ನುವ ಒಂದೇ ವಾಕ್ಯ.

ಸಂಜೆ ಗಾಡಿಯನ್ನ ಆಟೋದಲ್ಲಿ ಹಾಕಿಸಿಕೊಂಡು ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಅವರು ಒಂದು ಸಲ ಕಿಕ್ಕರ್ ಮೇಲೆ ಕಾಲಿಟ್ಟರು. ಅದು ಕೆಳಗೆ ಹೋಗಲೇ ಇಲ್ಲ. “ಹಿಡ್ಕೊಂಡ್ಬಿಟ್ಟಿದೆ ಸಾರ್” ಅಂದರು, ಅಷ್ಟೇ.

ಎಷ್ಟು ಸರಿಯಾದ ಮಾತು ನೋಡಿ. ಬೆನ್ನು ಹಿಡ್ಕೊಂಡಿದೆ, ಕತ್ತು ಹಿಡ್ಕೊಂಡಿದೆ ಅನ್ನುತ್ತೇವೆ ಅಲ್ವಾ? ಆಡಬೇಕಾದ್ದು ಆಡದೆ ಬಿಗಿದುಕೊಂಡಿದೆ ಅಂತ ಅರ್ಥ. ಎಂಜಿನ್ನಿನಲ್ಲಿ ಆಗುವುದೂ ಅದೇ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸಿಲಿಂಡರಿನ ಒಳಗೋಡೆ ಬೀಡುಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬಿಸಿ ಮಿತಿ ಮೀರಿದರೆ ನಡುವಿನ ಸಂದು ಮುಚ್ಚಿಹೋಗಿ ಪಿಸ್ಟನ್ ಗೋಡೆಯನ್ನ ಹಿಡಿದುಕೊಳ್ಳುತ್ತದೆ.

ಇಲ್ಲಿ ನನಗೆ ಹೊಳೆದದ್ದು ‘ಕೊಳ್ಳು’ ಮಾಡುವ ಕೆಲಸ. ಅಮ್ಮ ಹೇಳಿದ್ದೂ ‘ಹಿಡಿ’, ಮೆಕ್ಯಾನಿಕ್ ಹೇಳಿದ್ದೂ ‘ಹಿಡಿ’. ಆದರೆ ‘ಗಾಡಿ ಹಿಡಿದರು’ ಅಂದರೆ ಹಿಡಿದವರು ಬೇರೆ ಯಾರೋ ಇದ್ದಾರೆ. ‘ಎಂಜಿನ್ ಹಿಡಿದುಕೊಂಡಿತು’ ಅಂದರೆ ಹೊರಗಿನವರು ಯಾರೂ ಇಲ್ಲ, ತನ್ನಲ್ಲೇ ಆದದ್ದು. ಇಂಗ್ಲಿಷಿನಿಂದ ತಂದ ‘ಸೀಜ್ ಆಗು’ ಈ ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ಟಿದೆ. ನಮ್ಮ ಕ್ರಿಯಾಪದ ಬಿಡಿಸಿ ಹೇಳುತ್ತದೆ.

ಹೆಡ್ ಬಿಚ್ಚಿ ಬ್ಲಾಕ್ ಮೇಲೆತ್ತಿದ ಮೇಲೆ ಇನ್ನೊಂದು ಮಾತು ಸಿಕ್ಕಿತು. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಮೇಲಿಂದ ಕೆಳಗೆ ಗೀರುಬಿದ್ದಿತ್ತು. ಕರಗಿದ ಅಲ್ಯೂಮಿನಿಯಂ ಬೆಣ್ಣೆ ಸವರಿದ ಹಾಗೆ ರಿಂಗು ಕೂರುವ ತೋಡಿನ ಮೇಲೆ ಹರಡಿತ್ತು, ರಿಂಗು ಅಲ್ಲಾಡುತ್ತಿರಲಿಲ್ಲ. “ರಿಂಗು ಕಚ್ಕೊಂಡಿದೆ” ಅಂದರು ಅಣ್ಣ. ಅಂದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ರಿಂಗು ಕಚ್ಚಿಕೊಳ್ಳುತ್ತದೆ. ಆಮೇಲೆ ಗೀರುಗಳ ಮೇಲೆ ಬೆರಳಾಡಿಸಿ, “ಗಾಳಿ ಎಳ್ಕೊಂಡಿದೆ, ಸೀಲ್ ಹೋಗಿದೆ” ಅಂದರು. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ, ಗಟ್ಟಿಯಾಗಿ ಹೊರಗಿನ ಗಾಳಿ ಒಳಗೆ ನುಗ್ಗಿದೆ, ಪೆಟ್ರೋಲು ಸಾಲದೆ ಉರಿ ಜಾಸ್ತಿಯಾಗಿದೆ. ಪಿಸ್ಟನ್ನಿನ ಸುತ್ತ ನಾಲ್ಕೂ ಕಡೆ ಒಂದೇ ಸಮ ಗೀರಿದ್ದರೆ ಬೋರ್ (ಸಿಲಿಂಡರಿನ ಒಳ ಅಗಲ) ಟೈಟ್ ಮಾಡಿದ್ದಾರೆ, ಇಲ್ಲಾ ಎಂಜಿನ್ ಬಿಸಿಯಾಗುವ ಮುಂಚೆಯೇ ಓಡಿಸಿದ್ದಾರೆ ಅಂತ ಲೆಕ್ಕವಂತೆ. ಕಚ್ಚಿಕೊಳ್ಳು, ಹಿಡಿದುಕೊಳ್ಳು, ಗಾಳಿ ಎಳೆದುಕೊಳ್ಳು ಮೂರರಲ್ಲೂ ಅದೇ ‘ಕೊಳ್ಳು’ ಇದೆ. ನಿಮ್ಮ ಕಡೆ ಗ್ಯಾರೇಜುಗಳಲ್ಲೂ ಹಿಡಿ, ಕಚ್ಚು ಬೇರೆ ಬೇರೆಯಾಗಿಯೇ ಬಳಸುತ್ತಾರಾ? ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ.

ಹೇಗೂ ಎಂಜಿನ್ ಬಿಚ್ಚಿದ್ದಾಗಿದೆ, ಪೂರ್ತಿ ಕಟ್ಟಿಸೋಣ, ಪೋರ್ಟಿಂಗ್ (ಸಿಲಿಂಡರಿನ ಗಾಳಿ, ಹೊಗೆ ದಾರಿಗಳನ್ನ ಕೊರೆದು ತಿದ್ದುವುದು) ಮಾಡಿಸಿ ಪವರ್ ಜಾಸ್ತಿ ಮಾಡೋಣ ಅಂತ ಅಕ್ಕನ ಮಗ ಹಟ ಹಿಡಿದ. ಹಾಗಾದರೆ ಒಳಗಿನ ಸಾಮಾನು ಯಾವುದು ಹಾಕಬೇಕು ಅನ್ನುವುದು ಶುರುವಾಯಿತು. ಬ್ಲಾಕ್ ಬೋರಿಂಗ್‌ಗೆ ಕೊಟ್ಟು, ಅಂದರೆ ಒಳಗೋಡೆ ಕೊರೆಸಿ ಅಗಲ ಮಾಡಿಸಿ, 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕುವುದು ಅಂತಾಯಿತು. ಈ ಗಾಡಿಯ ಬೋರ್ 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 50, ಹಾಗಾಗಿ 98 ಸಿ.ಸಿ. ಅರ್ಧ ಮಿ.ಮೀ. ಅಗಲ ಮಾಡಿದರೆ 100 ಆಗುತ್ತದೆ, ಅಷ್ಟೇ. ಕನೆಕ್ಟಿಂಗ್ ರಾಡ್ ಕಿಟ್, ಕ್ರ್ಯಾಂಕ್ ಬೇರಿಂಗು, ಎರಡೂ ಸೀಲು ಹೊಸದು. ಇವುಗಳಲ್ಲಿ ಮಾತೇ ಇಲ್ಲ. ಸಮಸ್ಯೆ ಪಿಸ್ಟನ್ನಿನದು.

ಹುಡುಗ ಇಂಗ್ಲಿಷಿನ ಒಂದು ಲೇಖನವನ್ನ ಮೆಷಿನ್ನಿನಲ್ಲಿ ಕನ್ನಡಕ್ಕೆ ತಿರುಗಿಸಿ ತನ್ನ ಗೆಳೆಯರ ಗುಂಪಿಗೆ ಕಳಿಸಿದ್ದ. ಅದರಲ್ಲಿ ಹೀಗಿತ್ತು: “ಹೆಚ್ಚಿನ ಶಕ್ತಿಗಾಗಿ ನಕಲಿ ಪಿಸ್ಟನ್ ಆಯ್ಕೆ ಮಾಡಿ.” ಫೋರ್ಜ್ಡ್ ಅನ್ನುವುದು ನಕಲಿ ಆಗಿಬಿಟ್ಟಿದೆ! ಕಳ್ಳ ಸಹಿಗೆ ಫೋರ್ಜರಿ ಅನ್ನುತ್ತೇವಲ್ಲ, ಅದೇ ದಾರಿ. ಸ್ಪೇರ್ ಪಾರ್ಟ್ಸ್ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಇವತ್ತು ಅದರ ಸಾಮಾನು ಕೊಳ್ಳುವವರ ದೊಡ್ಡ ಭಯವೇ ಡೂಪ್ಲಿಕೇಟ್. ಗುಂಪಿನ ಒಬ್ಬ ಹುಡುಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಿದ್ದ ಒಳ್ಳೆಯ ಪಿಸ್ಟನ್ನನ್ನು ಡಬ್ಬಿಯ ಮೇಲೆ ಫೋರ್ಜ್ಡ್ ಅಂತ ನೋಡಿ ವಾಪಸ್ ಇಟ್ಟು ಬಂದಿದ್ದಾನೆ.

ಹಾಗಾಗಿ ಅವರಿಗೆ ಕನ್ನಡದಲ್ಲಿ ನಾನೇ ಬರೆದುಕೊಡಲು ಕೂತಿದ್ದೇನೆ. ಪಿಸ್ಟನ್ನಿಗೆ ಆಡುಬೆಣೆ ಅಂತ ಬರೆಯುವ ಆಸೆ ನನಗಿಲ್ಲ. ಸಾಮಾನಿನ ಹೆಸರು ಅಂಗಡಿಯಲ್ಲಿ ಹೇಗಿದೆಯೋ ಹಾಗೇ ಇರಲಿ. ಅದನ್ನ ಹೇಗೆ ಮಾಡಿದ್ದಾರೆ ಅನ್ನುವುದಕ್ಕೆ ಮಾತ್ರ ನಮ್ಮ ಮಾತು ಬೇಕು.

ಮಾಮೂಲಿ ಪಿಸ್ಟನ್ನಿಗೆ ಕಷ್ಟವಿಲ್ಲ, ಅದು ‘ಎರಕದ ಪಿಸ್ಟನ್’. ಲೋಹ ಕರಗಿಸಿ ಅಚ್ಚಿಗೆ ಹೊಯ್ದದ್ದು. ಇನ್ನೊಂದನ್ನ ಕರಗಿಸುವುದಿಲ್ಲ. ಗಟ್ಟಿ ಅಲ್ಯೂಮಿನಿಯಂ ತುಂಡನ್ನ ಕಾಯಿಸಿ, ಮೆತ್ತಗಾದ ಮೇಲೆ ಭಾರೀ ಪ್ರೆಸ್ಸಿನಲ್ಲಿ ಅಚ್ಚಿಗೆ ಅದುಮುತ್ತಾರೆ. ಒಳಗೆ ಗಾಳಿಗುಳ್ಳೆ ಉಳಿಯುವುದಿಲ್ಲ. ಉರಿ ಹದ ತಪ್ಪಿ ಬಡಿಯತೊಡಗಿದಾಗ ಎರಕದ್ದು ಚೂರಾಗಬಹುದು, ಇದು ಸೊಟ್ಟಗಾದರೂ ಇನ್ನಷ್ಟು ತಡೆಯುತ್ತದೆ. ಆದರೆ ಇದರಲ್ಲೂ ಒಂದೇ ಜಾತಿ ಇಲ್ಲ. 4032 ಅನ್ನುವ ಮಿಶ್ರಲೋಹದಲ್ಲಿ ಸುಮಾರು ನೂರಕ್ಕೆ 12 ಭಾಗ ಸಿಲಿಕಾನ್ ಇರುತ್ತದೆ, ಹಿಗ್ಗುವುದು ಕಮ್ಮಿ. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಮ್ಮಿ, ಜಾಸ್ತಿ ಹಿಗ್ಗುತ್ತದೆ. ಅದಕ್ಕೆ ಬೋರ್ ಮಾಡುವಾಗ ಸಂದು ಜಾಸ್ತಿ ಬಿಡಬೇಕು. ಎರಕದ ಪಿಸ್ಟನ್ನಿನ ಲೆಕ್ಕದಲ್ಲೇ ಬೋರ್ ಮಾಡಿಸಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಸರಿಯಾದ ಸಂದು ಬಿಟ್ಟರೆ ತಣ್ಣಗಿದ್ದಾಗ ಟಕಟಕ ಅನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.

(ಸಂದು ಬೇರೆ, ಆಟ ಬೇರೆ. ಬೇಕಂತ ಬಿಟ್ಟದ್ದು ಸಂದು, ಸವೆದು ಬಂದದ್ದು ಆಟ. “ಬೇರಿಂಗ್ ಆಟ ಬಂದಿದೆ” ಅಂತ ಅಣ್ಣ ಹೇಳಿದಾಗ ಈ ವ್ಯತ್ಯಾಸ ಗೊತ್ತಾಯಿತು. ಗ್ಯಾಪ್ ಅಂತ ಬರೆದರೆ ಎರಡೂ ಕಲಸಿಹೋಗುತ್ತವೆ.)

ಫೋರ್ಜ್ಡ್‌ಗೆ ನಾನು ಯೋಚಿಸಿದ್ದು ಇಷ್ಟು. ‘ಕುಲುಮೆ ಪಿಸ್ಟನ್’ ಅಂದರೆ ಎರಕದವರಿಗೂ ಕುಲುಮೆ ಇರುತ್ತದೆ. ‘ಬಡಿದ ಪಿಸ್ಟನ್’ ಅಂದರೆ ಏಟು ಬಿದ್ದು ಹಾಳಾದ ಪಿಸ್ಟನ್ ಅಂದುಕೊಳ್ಳಬಹುದು. ‘ತಟ್ಟಿದ’ ನನಗೆ ಇಷ್ಟ. ಕುಡುಗೋಲು ತಟ್ಟಿಸುವುದು ಅಂತ ನಮ್ಮ ಅಜ್ಜ ಹೇಳುತ್ತಿದ್ದರು, ಕಾಯಿಸಿ ತಟ್ಟಿದರೆ ಲೋಹಕ್ಕೆ ಕಸುವು ಬರುತ್ತದೆ ಅನ್ನುವುದು ಆ ಮಾತಿನಲ್ಲೇ ಇದೆ. ಆದರೆ ಇಲ್ಲಿ ಸುತ್ತಿಗೆ ಇಲ್ಲ, ಅದುಮುವುದು. ಹಾಗೆ ನೋಡಿದರೆ ‘ಒತ್ತು ಪಿಸ್ಟನ್’ ಹತ್ತಿರ. ಒತ್ತು ಶಾವಿಗೆ ಅಂತ ಇದೆಯಲ್ಲ, ಅದೇ ಕಟ್ಟು. ಬಾಯಲ್ಲಿ ಸಲೀಸಾಗಿ ಬರುತ್ತದೆ. ‘ಎರಕದ್ದಾ, ಒತ್ತಿದ್ದಾ?’ ಅಂತ ಅಂಗಡಿಯಲ್ಲಿ ಕೇಳಬಹುದು.

ನಿಮ್ಮ ಊರಲ್ಲಿ ಕಮ್ಮಾರರು, ನಾಗಮಂಗಲದ ಕಡೆ ಎರಕದ ಕೆಲಸ ಮಾಡುವವರು, ಕಾಯಿಸಿ ಬಡಿದು ಮಾಡಿದ್ದನ್ನ ಹೊಯ್ದು ಮಾಡಿದ್ದರಿಂದ ಬೇರೆ ಮಾಡಿ ಹೇಳಲು ಯಾವ ಪದ ಬಳಸುತ್ತಾರೆ? ‘ಹಣಿ’ (ಬಡಿ ಅನ್ನುವ ಅರ್ಥದ್ದು) ಅನ್ನುವುದು ಕುಲುಮೆಯ ಮಾತಾಗಿ ಎಲ್ಲಾದರೂ ಉಳಿದಿದೆಯಾ? ಅಲ್ಲಿಯವರ ಬಾಯಿಂದ ಕೇಳಿದ್ದನ್ನ ಕೇಳಿದ ಹಾಗೇ ಬರೆಯಿರಿ, ಯಾವ ಊರು ಅಂತಲೂ ಹಾಕಿ. ಪಿಸ್ಟನ್ ಇನ್ನೂ ತಂದಿಲ್ಲ. ಬ್ಲಾಕ್ ಬೋರಿಂಗ್‌ಗೆ ಕೊಡುವ ಮುಂಚೆ ಹುಡುಗರಿಗೆ ಈ ಬರಹ ಮುಟ್ಟಿಸಬೇಕು.