ನಿವೃತ್ತಿಗೆ ದ್ವೀಪ: ಬಿಸಿಲೂರಿನವರು ಫುಕೆಟ್ ನೋಡಬೇಕೋ, ಮಡೀರಾ ನೋಡಬೇಕೋ?

ಬಿಸಿಲೂರು (ಕಲಬುರಗಿ)
ನಿವೃತ್ತಿ ಆದ ಮ್ಯಾಲೆ ದ್ವೀಪಕ್ಕ ಹೋಗಿ ಇರೋ ಮಾತು ಬಂದ್ರ ನಮ್ಮ ಕಡೆಯವರು ಮೊದಲು ಹೇಳೋದು ಥಾಯ್ಲೆಂಡಿನ ಫುಕೆಟ್, ಬಾಲಿ, ಮಾರಿಷಸ್. ಮೇ ತಿಂಗಳದಾಗ 42-43 ಡಿಗ್ರಿ ಉಂಡ ಜೀವಗಳು ಮತ್ತ ಬಿಸಿ ಸೀಮಿಗೇ ಯಾಕ ಹೋಗಬೇಕು? ಅಟ್ಲಾಂಟಿಕ್‌ನಾಗ ಪೋರ್ಚುಗಲ್ಲಿನ ಮಡೀರಾ, ಅಝೋರ್ಸ್ ಅವ. ಮ್ಯಾಲೆ ಐರ್ಲೆಂಡ್ ಅದ. ದಕ್ಷಿಣಕ್ಕ ನ್ಯೂಜಿಲೆಂಡ್, ಟ್ಯಾಸ್ಮೇನಿಯಾ ಅವ. ಮಡೀರಾದ ಫುಂಚಾಲ್ ಊರಾಗ ಆಗಸ್ಟ್ ಮಧ್ಯಾಹ್ನ 26-27, ಜನವರಿ ರಾತ್ರಿ 13-14. ಅರವತ್ತು ದಾಟಿದ ಗಂಡ-ಹೆಂಡತಿಗೆ ಇದಕ್ಕಿಂತ ಛೊಲೊ ಹವಾ ಬೇಕಾ? ಉಷ್ಣವಲಯ ಬಿಡ್ರಿ, ತಂಪು ದ್ವೀಪ ನೋಡ್ರಿ ಅನ್ನೋದು ನನ್ನ ವಾದ. ವೀಸಾ, ಮನಿ, ಔಷಧ, ತೆರಿಗಿ ಬಲ್ಲವರು ಅಂಕಿ ಸಮೇತ ಬರೀರಿ.

ಭೀಮಾ ದಂಡಿ (ಯಾದಗಿರಿ)
ಅಣ್ಣಾ, ಹವಾ ಆಮ್ಯಾಲೆ ನೋಡೋಣು. ಯಾರು ಒಳಗ ಬಿಟ್ಟುಕೊಳ್ತಾರ ಅನ್ನೋದು ಮೊದಲು. ಥಾಯ್ಲೆಂಡ್‌ಗೆ ವಯಸ್ಸು 50 ಆಗಿರಬೇಕು, ಅಲ್ಲಿನ ಬ್ಯಾಂಕಿನಾಗ 8 ಲಕ್ಷ ಬಾಟ್ ಇಡಬೇಕು, ಇಲ್ಲಾ ತಿಂಗಳಿಗೆ 65,000 ಬಾಟ್ ಆದಾಯ ತೋರಸಬೇಕು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಪಿಂಚಣಿದಾರರ ಕೈಗೆ ಎಟಕೋ ಮಾತು ಇದು.

ನಿಮ್ಮ ತಂಪು ದ್ವೀಪಗಳ ಲೆಕ್ಕ ಹಿಡೀರಿ. ಐರ್ಲೆಂಡ್ ನಿವೃತ್ತರಿಗೆ ಕೇಳೋದು ತಲಿಗೆ ವರ್ಷಕ್ಕ 50,000 ಯೂರೋ ಆದಾಯ. ಇಬ್ಬರಿಗೆ ಒಂದು ಲಕ್ಷ ಯೂರೋ, ಅಂದ್ರ ವರ್ಷಕ್ಕ ಒಂದು ಕೋಟಿ ರೂಪಾಯಿ. ಮ್ಯಾಲೆ ಇಡಗಂಟು, ಖಾಸಗಿ ಆರೋಗ್ಯ ವಿಮೆ, ವರ್ಷ ವರ್ಷ ನವೀಕರಣ. ಅಲ್ಲಿ ಕಳೆದ ಆ ವರ್ಷಗಳು ಪೌರತ್ವದ ಲೆಕ್ಕಕ್ಕೂ ಬರಂಗಿಲ್ಲ. ನ್ಯೂಜಿಲೆಂಡ್‌ಗೆ 66 ತುಂಬಿರಬೇಕು, 7.5 ಲಕ್ಷ ನ್ಯೂಜಿಲೆಂಡ್ ಡಾಲರ್ ಹೂಡಬೇಕು, ಜೀವನಕ್ಕ ಅಂತ ಬ್ಯಾರೆ 5 ಲಕ್ಷ ಡಾಲರ್ ತೋರಸಬೇಕು, ವರ್ಷದ ಆದಾಯ 60,000 ಡಾಲರ್ ಇರಬೇಕು. ಇಷ್ಟು ಮಾಡಿದ್ರ ಸಿಗೋದು ಎರಡು ವರ್ಷದ ವೀಸಾ. ಆಸ್ಟ್ರೇಲಿಯಾ ತನ್ನ ಹೂಡಿಕೆದಾರ ನಿವೃತ್ತರ ವೀಸಾನ 2018ರಾಗ ಮುಚ್ಚಿಬಿಟ್ಟದ, ಹಂಗಾಗಿ ಟ್ಯಾಸ್ಮೇನಿಯಾ ಮಾತು ಬಿಡ್ರಿ. ತಂಪು ದ್ವೀಪದ ಬಾಗಿಲಿಗೆ ಚಿಲಕ ಭಾಳ ಅವ.

ಕೆಂಪುಕಲ್ಲು (ಬೀದರ)
ಇಬ್ಬರೂ ಡಿಗ್ರಿ ಹಿಡಕೊಂಡು ಕುಂತೀರಿ, ಹವೆಯೊಳಗಿನ ತೇವ ಬಿಟ್ಟೀರಿ. ಮೈ ತಂಪಾಗೋದು ಬೆವರು ಆರಿದಾಗ. ಕಲಬುರಗಿ ಮೇ ಮಧ್ಯಾಹ್ನ 42 ಡಿಗ್ರಿ, ತೇವ 15 ಪ್ರತಿಶತ ಹಿಡೀರಿ. ಒದ್ದಿ ಬಟ್ಟಿ ಸುತ್ತಿದ ಥರ್ಮಾಮೀಟರ್ (ಬೆವರು ಎಷ್ಟು ಆರತದ ಅನ್ನೋದರ ಅಳತಿ ಅದು) ಆಗ 22ರ ಸುತ್ತ ತೋರಸ್ತದ. ನಮ್ಮ ಮನಿಗಳಾಗ ನೀರಿನ ಕೂಲರ್ ಅಷ್ಟು ಕೆಲಸ ಮಾಡೋದು ಇದಕ್ಕೇ. ಸಮುದ್ರದ ದಂಡಿಯ ಉಷ್ಣವಲಯದಾಗ 31 ಡಿಗ್ರಿ, ತೇವ 80 ಪ್ರತಿಶತ ಅಂದ್ರ ಅದೇ ಒದ್ದಿ ಥರ್ಮಾಮೀಟರ್ 28 ತೋರಸ್ತದ. ಅಂಕಿ 11 ಡಿಗ್ರಿ ಕಡಿಮಿ ಕಂಡ್ರೂ ಬೆವರು ಆರಂಗಿಲ್ಲ. ಕೂಲರ್ ಹಚ್ಚಿದ್ರ ಕೋಣಿ ಇನ್ನಷ್ಟು ಜಿಗಿಜಿಗಿ. ರಾತ್ರಿನೂ ಇಳಿಯದ ಸೆಕಿ ಅದು, ಎಸಿ ಬಿಟ್ರ ಗತಿ ಇಲ್ಲ. ಒಣ ಬಿಸಿಲಿಗೆ ಒಗ್ಗಿದ ನಮ್ಮ ಮೈಗೆ ಫುಕೆಟ್ ಸುಲಭ ಅಂತ ತಿಳಕೊಂಡವರು ಇಲ್ಲೇ ತಪ್ಪತಾರ.

ಅಷ್ಟಕ್ಕ ತಂಪು ದ್ವೀಪ ಗೆದ್ದಂಗ ಅಲ್ಲ. ಅಲ್ಲಿನೂ ಸುತ್ತ ನೀರೇ. ಅಝೋರ್ಸ್‌ನಾಗ ಹವೆಯ ತೇವ ವರ್ಷಪೂರ್ತಿ 80ರ ಸುತ್ತ. ಹಳೇ ಮನಿಗಳ ಗೋಡಿಗೆ ಶಾಖ ಹಿಡಿಯೋ ಪದರ ಇರಂಗಿಲ್ಲ, ಕಿಟಕಿಗೆ ಒಂದೇ ಗಾಜು. ಚಳಿಗಾಲದಾಗ ಕೋಣಿ ಒಳಗ 14-15 ಡಿಗ್ರಿ, ಗೋಡಿ ಅದಕ್ಕಿಂತ ತಣ್ಣಗ. ನಾವು ಉಸಿರು ಬಿಟ್ಟದ್ದು, ಅಡಗಿ ಆವಿ, ಒಣಗಹಾಕಿದ ಬಟ್ಟಿಯ ನೀರು ಎಲ್ಲಾ ಆ ತಣ್ಣನೆ ಗೋಡಿಗೆ ಹೋಗಿ ಕೂಡ್ತದ, ಮೂರು ವಾರದಾಗ ಕಪಾಟಿನ ಹಿಂದ ಕರೀ ಬೂಜು. ನಮ್ಮ ಖಡಕ್ ರೊಟ್ಟಿ ತಗೋರಿ. ಕಲಬುರಗಿ ಬ್ಯಾಸಿಗ್ಯಾಗ ಬಟ್ಟಿ ಮುಚ್ಚಿ ಇಟ್ರ ವಾರಗಟ್ಟಲೆ ಕಟಕಟ ಅಂತದ. ಅಲ್ಲಿ ಬೆಳಿಗ್ಗಿ ಡಬ್ಬಿ ತೆರೆದಿಟ್ರ ಸಂಜಿಗೆ ಚರ್ಮದಂಗ ಬಗ್ತದ, ಮುರಿಯಂಗಿಲ್ಲ. ಶೇಂಗಾ ಹಿಂಡಿ ಗಂಟು ಕಟ್ಟತದ. ರೊಟ್ಟಿ ಕೆಡೋ ಮನ್ಯಾಗ ಪುಸ್ತಕ, ಚಪ್ಪಲಿ, ರೇಷ್ಮಿ ಸೀರಿ ಎಲ್ಲಾ ಕೆಡ್ತಾವ.

ಉಪಾಯ ಅದ. ತೇವ ಹೀರೋ ಯಂತ್ರ ಇಡಬೇಕು, 55 ಪ್ರತಿಶತಕ್ಕ ನಿಲ್ಲಿಸಬೇಕು. ಕಂಪ್ರೆಸರ್ ಇದ್ದದ್ದು 15 ಡಿಗ್ರಿ ಕೆಳಗ ಸುಸ್ತಾಗ್ತದ, ಅದರ ಸುರುಳಿ ಮ್ಯಾಲೆ ಹಿಮ ಕಟ್ಟತದ. ಕೋಣಿ ತಣ್ಣಗ ಇದ್ರ ತೇವ ಹೀರೋ ಹರಳಿನ ಚಕ್ರದ ಯಂತ್ರ ತಗೋಬೇಕು. ಕರೆಂಟ್ ಜಾಸ್ತಿ ತಿಂತದ, ಆದ್ರ ಕೋಣಿನೂ ಜರಾ ಬೆಚ್ಚಗ ಮಾಡ್ತದ. ಕಪಾಟು ಹೊರಗಿನ ಗೋಡಿಗೆ ಹಚ್ಚಬ್ಯಾಡ್ರಿ, ನಾಲ್ಕು ಬೆರಳು ಜಾಗ ಬಿಡ್ರಿ. ಬಾಡಿಗಿ ಮನಿ ನೋಡೋ ಹೊತ್ತಿಗೆ ಕಪಾಟು ಸರಿಸಿ ಹಿಂದ ನೋಡ್ರಿ. ಹೊಸ ಸುಣ್ಣದ ವಾಸನಿ ಬಂದ್ರ ಇನ್ನೂ ಅನುಮಾನ ಪಡ್ರಿ.

ಬಿಸಿಲೂರು (ಕಲಬುರಗಿ)
ಇದು ಅಝೋರ್ಸ್ ಕಥಿ ಆಯಿತು. ಮಡೀರಾ ಅಷ್ಟು ತೇವ ಇಲ್ಲಲ್ಲ?

ಕೆಂಪುಕಲ್ಲು (ಬೀದರ)
ಮಡೀರಾದಾಗ ಎಲ್ಲಿ ಅನ್ನೋದೇ ಪ್ರಶ್ನೆ. ನಡುವ ಗುಡ್ಡದ ಸಾಲು ಅದ, ಮೋಡ ತರೋ ಗಾಳಿ ಉತ್ತರದಿಂದ ಬರ್ತದ. ಉತ್ತರ ದಂಡಿ ಮಳಿ, ಹಸಿರು, ಬೂಜು. ದಕ್ಷಿಣ ದಂಡಿ ಗುಡ್ಡದ ಮರೆಯಾಗ ಅದ, ಅದು ಒಣ. ನೂರು ಮೀಟರ್ ಏರಿದ್ರ ಸುಮಾರು 0.6 ಡಿಗ್ರಿ ಇಳೀತದ, ಆದ್ರ ಅದಕ್ಕಿಂತ ದೊಡ್ಡ ಮಾತು ಮೋಡ. ಮೇ-ಜೂನ್‌ನಾಗ ಫುಂಚಾಲ್ ಮ್ಯಾಲೆ ಟೊಪ್ಪಿಗಿ ಇಟ್ಟಂಗ ಮೋಡ ಕುಂತಿರ್ತದ, ಎತ್ತರದ ಓಣಿಗಳು ದಿನಗಟ್ಟಲೆ ಅದರೊಳಗೇ ಇರ್ತಾವ. ದಕ್ಷಿಣ ದಂಡಿ, ಸಮುದ್ರದಿಂದ 150 ಮೀಟರ್ ಒಳಗ, ಲಿಫ್ಟ್ ಇದ್ದ ಕಟ್ಟಡ, ಇಷ್ಟು ಬರೋಬರಿ ನೋಡಕೊಂಡ್ರ ನಮ್ಮವರಿಗೆ ಹೊಂದೋ ಜಾಗ ಅದು. ಮೊಣಕಾಲು ನೋವು ಇದ್ದವರು ನಕಾಶಿಯೊಳಗಿನ ದೂರ ನೋಡಿ ಮೋಸ ಹೋಗಬಾರದು. ಫುಂಚಾಲ್ ಓಣಿಗಳು ಸಮುದ್ರದಿಂದ ಸೀದಾ ಗುಡ್ಡ ಹತ್ತತಾವ. ಎತ್ತರದ ಗೆರೆ ಇರೋ ನಕಾಶಿ ತೆಗೆದು ಮನಿಯಿಂದ ಅಂಗಡಿಗೆ, ಬಸ್ಸಿಗೆ ಎಷ್ಟು ಏರು ಅಂತ ಮೊದಲೇ ಎಣಸ್ರಿ.

ಔಷಧ ಡಬ್ಬಿ (ಕಲಬುರಗಿ)
ಆರೋಗ್ಯದ ಮಾತು ಸೇರಿಸುತ್ತೇನೆ. ಅರವತ್ತರ ಮೇಲೆ ಬೆವರುವ ಶಕ್ತಿ ಕಡಿಮೆಯಾಗುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಮೇ ತಿಂಗಳು ನಿಜಕ್ಕೂ ಅಪಾಯ. ಆದ್ದರಿಂದ ತಂಪು ಹುಡುಕುವುದು ಶೋಕಿ ಅಲ್ಲ.

ಆದರೆ ಚಳಿಯೂ ರಕ್ತದೊತ್ತಡ ಏರಿಸುತ್ತದೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಕೆಂಪುಕಲ್ಲು ಅಣ್ಣ ಹೇಳಿದ 14-15 ಡಿಗ್ರಿಯ ಕೋಣೆ ಅದಕ್ಕಿಂತ ಕೆಳಗೆ. ಹೀಟರ್ ಖರ್ಚು ಬಿಟ್ಟು ಬಜೆಟ್ ಹಾಕಬೇಡಿ. ಇನ್ನೊಂದು, ಬೆಳಕು. ಡಬ್ಲಿನ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಿಗ್ಗೆ 8.40ರ ಹೊತ್ತಿಗೆ, ಮುಳುಗುವುದು ಮಧ್ಯಾಹ್ನ 4.10ಕ್ಕೆ. ಅಷ್ಟು ಉತ್ತರದಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ, ನಮ್ಮ ಕಂದು ಮೈಬಣ್ಣಕ್ಕಂತೂ ಇನ್ನೂ ಕಷ್ಟ. ಮಡೀರಾ ಇರುವುದು 33 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಈ ತೊಂದರೆ ಅಷ್ಟಿಲ್ಲ. ತಂಪು ದ್ವೀಪಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಬಾರದು.

ವಿಮೆ ವಿಷಯ: ಹೊಸದಾಗಿ ಸೇರುವವರಿಗೆ ವಿದೇಶದ ಖಾಸಗಿ ಕಂಪನಿಗಳು ವಯಸ್ಸಿನ ಮಿತಿ ಇಡುತ್ತವೆ, ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದಯದ ಸ್ಟೆಂಟ್ ಇಂಥವನ್ನು ಬಿಟ್ಟುಬಿಡುತ್ತವೆ. ಊರಿನ ಪಾಲಿಸಿ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ನಿಲ್ಲಿಸಿದರೆ ವಾಪಸ್ ಬಂದಾಗ 68ನೇ ವಯಸ್ಸಿಗೆ ಹೊಸ ಪಾಲಿಸಿ ಮತ್ತು ಅದರ ಕಾಯುವ ಅವಧಿ ಶುರುವಿನಿಂದ ಎದುರಿಸಬೇಕಾಗುತ್ತದೆ.

ಪಹಣಿ (ಸೇಡಂ)
ಚಿಲಕ ಭಾಳ ಅಂದ ಭೀಮಾ ದಂಡಿಯವರು ಪೋರ್ಚುಗಲ್ ಬಿಟ್ಟರು. ಅಲ್ಲಿನ ಡಿ7 ವೀಸಾ ಪಿಂಚಣಿ, ಬಾಡಿಗೆ, ಬಡ್ಡಿಯಂಥ ಆದಾಯ ಇರುವವರಿಗಾಗಿಯೇ ಇದೆ. ಅಳತೆ ಅಲ್ಲಿನ ಕನಿಷ್ಠ ವೇತನ: 2025ರಲ್ಲಿ ತಿಂಗಳಿಗೆ 870 ಯೂರೋ. ಜೊತೆಗಾರರಿಗೆ ಅದರ ಅರ್ಧ. ಇಬ್ಬರಿಗೆ 1,305 ಯೂರೋ, ಸುಮಾರು 1.3 ಲಕ್ಷ ರೂಪಾಯಿ. ಒಂದು ವರ್ಷದ ಮೊತ್ತವನ್ನು ಪೋರ್ಚುಗಲ್ ಬ್ಯಾಂಕಿನಲ್ಲಿ ತೋರಿಸುವುದು ರೂಢಿ. ಮೊದಲು ಅಲ್ಲಿನ ತೆರಿಗೆ ಸಂಖ್ಯೆ, ನಂತರ ಬ್ಯಾಂಕ್ ಖಾತೆ, ನಂತರ ಬಾಡಿಗೆ ಕರಾರು, ಆಮೇಲೆ ಅರ್ಜಿ. ಈ ಕ್ರಮ ತಪ್ಪಿದರೆ ತಿಂಗಳುಗಳು ಹೋಗುತ್ತವೆ. ಮಡೀರಾ, ಅಝೋರ್ಸ್ ಎರಡಕ್ಕೂ ಇದೇ ವೀಸಾ.

ನಮ್ಮ ಕಡೆಯವರ ಅರ್ಜಿ ಸಿಕ್ಕಿಬೀಳುವುದು ಕಾಗದದಲ್ಲಿ. ಹಳೆಯ ದಂಪತಿಗಳಿಗೆ ಮದುವೆ ನೋಂದಣಿ ಪತ್ರ ಇರುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು, ಮೊದಲು ಅದನ್ನು ಮಾಡಿಸಿ. ಹುಟ್ಟಿದ ದಿನ ಶಾಲೆಯಲ್ಲಿ ಬರೆಸಿದ ಜೂನ್ 1 ಒಂದು ಕಡೆ, ಬೇರೆ ದಿನ ಇನ್ನೊಂದು ಕಡೆ ಇರುತ್ತದೆ. ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿ ಬಿಡಿಸಿ, ಪಿಂಚಣಿ ಆದೇಶದಲ್ಲಿ ಇನಿಶಿಯಲ್ ಆಗಿ ಇರುತ್ತದೆ. ಪಾಸ್‌ಪೋರ್ಟ್ ಹೇಗಿದೆಯೋ ಹಾಗೆ ಉಳಿದವನ್ನು ತಿದ್ದಿಸಿ, ಆಮೇಲೆ ಅಪೊಸ್ಟಿಲ್ (ವಿದೇಶದಲ್ಲಿ ಕಾಗದ ನಡೆಯಲೆಂದು ಸರ್ಕಾರ ಹಾಕುವ ದೃಢೀಕರಣ) ಮುದ್ರೆ. ಮುದ್ರೆ ಹಾಕಿಸಿ ತಿದ್ದಲು ಹೋದರೆ ಎರಡು ಸಲ ಖರ್ಚು.

ಇನ್ನು ಹೊಲ, ಮನೆ. ಅನಿವಾಸಿಯಾದ ಮೇಲೆ ಹೊಸ ಕೃಷಿ ಜಮೀನು ಕೊಳ್ಳುವಂತಿಲ್ಲ, ಮೊದಲೇ ಇದ್ದದ್ದು ಇಟ್ಟುಕೊಳ್ಳಬಹುದು. ತೊಗರಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲವಾದರೂ ಪೋರ್ಚುಗಲ್ ನಿವಾಸಿಯಾದರೆ ಅಲ್ಲಿ ಘೋಷಿಸಬೇಕು. ಕಲಬುರಗಿ ಮನೆ ಬಾಡಿಗೆಗೆ ಕೊಟ್ಟರೆ ಬಾಡಿಗೆದಾರ 31.2 ಪ್ರತಿಶತ ಟಿಡಿಎಸ್ ಹಿಡಿಯಬೇಕು, ಇದಕ್ಕೆ ಒಪ್ಪುವ ಬಾಡಿಗೆದಾರ ನಮ್ಮ ಓಣಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮುಖ್ಯಾರಪತ್ರವನ್ನು ಹೊರಡುವ ಮೊದಲೇ ಇಲ್ಲಿ ನೋಂದಾಯಿಸಿ. ಅಲ್ಲಿಂದ ಕಳಿಸಿದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು.

ಭೀಮಾ ದಂಡಿ (ಯಾದಗಿರಿ)
ಪೋರ್ಚುಗಲ್ ಮಾತು ಒಪ್ಪಿದೆ ಅಕ್ಕಾ. ಆದ್ರ ರೂಪಾಯಿ ಪಿಂಚಣಿ ಹಿಡಕೊಂಡು ಯೂರೋ ಊರಾಗ ಇಪ್ಪತ್ತು ವರ್ಷ? 2015ರಾಗ ಯೂರೋ 70 ರೂಪಾಯಿ ಆಜೂಬಾಜು ಇತ್ತು, 2025ರಾಗ 100 ದಾಟಿತು. ತುಟ್ಟಿಭತ್ಯೆ ಏರೋದು ಇಲ್ಲಿನ ಬೆಲೆ ನೋಡಿ, ಅಲ್ಲಿಂದಲ್ಲ. ತಂಪೇ ಬೇಕಂದ್ರ ಶ್ರೀಲಂಕಾದ ನುವಾರಾ ಎಲಿಯ ನೋಡ್ರಿ. ಉಷ್ಣವಲಯದ ದ್ವೀಪನೇ, ಆದ್ರ 1,868 ಮೀಟರ್ ಎತ್ತರ, ವರ್ಷದ ಸರಾಸರಿ 16 ಡಿಗ್ರಿ ಸುತ್ತ. ಅಕ್ಷಾಂಶ ಒಂದೇ ತಂಪು ಕೊಡಂಗಿಲ್ಲ, ಎತ್ತರನೂ ಕೊಡ್ತದ. ಒಂದು ಫ್ಲೈಟಿನಾಗ ಮನಿಗೆ ಬರಬಹುದು.

ಔಷಧ ಡಬ್ಬಿ (ಕಲಬುರಗಿ)
ಎತ್ತರ ಸರಿ, ಆದರೆ ಅಲ್ಲಿಯೂ ಮಂಜು, ಮಳೆ, ತೇವ. ಮೇಲಾಗಿ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಗುಡ್ಡ ಇಳಿದು ಕ್ಯಾಂಡಿಗೋ ಕೊಲಂಬೊಗೋ ಹೋಗಬೇಕು. ಎದೆನೋವು ಬಂದವರಿಗೆ ಆ ತಿರುವಿನ ದಾರಿ ಬಹಳ ದೂರ. ಫುಂಚಾಲ್‌ನಲ್ಲಿ ಆಸ್ಪತ್ರೆ ಊರೊಳಗೇ ಇದೆ.

ಕೆಂಪುಕಲ್ಲು (ಬೀದರ)
ನನಗ ಕಾಣೋದು ಬ್ಯಾರೆ ದಾರಿ. ನಮ್ಮ ಮೂರೂ ಜಿಲ್ಲಾಗಳಿಗೆ ವರ್ಷಪೂರ್ತಿ ತೊಂದರಿ ಇಲ್ಲ. ನವೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿನ ಹವಾ ಮಡೀರಾಕ್ಕಿಂತ ಛೊಲೊ ಅದ, ಒಣ ಅದ. ಕೆಟ್ಟದ್ದು ಮಾರ್ಚ್ ಕೊನೆಯಿಂದ ಜೂನ್ ಮಳಿ ಬೀಳೋ ತನಕ. ಅಂದ್ರ ಸುಮಾರು 90 ದಿನ. ಷೆಂಗೆನ್ (ಪೋರ್ಚುಗಲ್ ಸೇರಿ ಯುರೋಪಿನ ಭಾಳ ದೇಶಗಳಿಗೆ ನಡೆಯೋ) ಪ್ರವಾಸಿ ವೀಸಾ ಕೊಡೋದೂ 180 ದಿನದಾಗ 90 ದಿನ! ಮನಿ ಮಾರೋದು, ಅನಿವಾಸಿ ಆಗೋದು ಯಾಕ?

ಪಹಣಿ (ಸೇಡಂ)
ಕೆಂಪುಕಲ್ಲು ಸರ್, ಇದು ಲೆಕ್ಕಕ್ಕೆ ಕೂಡುತ್ತದೆ. ಡಿ7 ತೆಗೆದುಕೊಂಡು ಅರ್ಧ ವರ್ಷ ಇಲ್ಲಿ ಇರುತ್ತೇವೆ ಅಂದರೆ ಆಗುವುದಿಲ್ಲ. ಅದರಿಂದ ಸಿಗುವ ವಾಸದ ಪರವಾನಗಿಯ ಅವಧಿಯಲ್ಲಿ ಸತತ 6 ತಿಂಗಳು, ಅಥವಾ ಬಿಡಿಬಿಡಿಯಾಗಿ ಒಟ್ಟು 8 ತಿಂಗಳು ಹೊರಗಿದ್ದರೆ ರದ್ದಾಗುವ ಭಯ. ಪ್ರವಾಸಿ ವೀಸಾದಲ್ಲಿ ಹೋದರೆ ವರ್ಷದ 270ಕ್ಕೂ ಹೆಚ್ಚು ದಿನ ಇಲ್ಲೇ ಇರುತ್ತೀರಿ, ತೆರಿಗೆ ನಿವಾಸ ಇಲ್ಲೇ, ಖಾತೆ ಬದಲಾಗದು, ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಊರಿನ ಬ್ಯಾಂಕಿನಲ್ಲೇ ಕೊಡಬಹುದು. ಶುಲ್ಕ ತಲೆಗೆ 90 ಯೂರೋ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ: ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಬಹುಪ್ರವೇಶ ವೀಸಾ, ಆಮೇಲೆ ಐದು ವರ್ಷದ್ದು. ಮೊದಲ ಸಲ 90 ದಿನ ಕೊಡದೆ ಇರಬಹುದು. ಏಪ್ರಿಲ್-ಮೇನಲ್ಲಿ 30-40 ದಿನಕ್ಕೆ ಅರ್ಜಿ ಹಾಕಿ, ಮರುವರ್ಷ ಹೆಚ್ಚಿಸಿ. ವರ್ಷಕ್ಕೆ 10 ಲಕ್ಷ ದಾಟಿ ಹೊರಗೆ ಕಳಿಸಿದರೆ ದಾಟಿದ ಮೊತ್ತಕ್ಕೆ 20 ಪ್ರತಿಶತ ಟಿಸಿಎಸ್ (ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು.

ಔಷಧ ಡಬ್ಬಿ (ಕಲಬುರಗಿ)
ಹಾಗಾದರೆ 90 ದಿನದ ಗುಳಿಗೆ ಜೊತೆಗೇ ಒಯ್ಯಿರಿ, ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಬದಲು ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ಮೂಲ ಹೆಸರು ಬರೆಸಿ. ಅಲ್ಲಿನ ಔಷಧ ಅಂಗಡಿಯಲ್ಲಿ ನಮ್ಮ ಬ್ರ್ಯಾಂಡ್ ಗೊತ್ತಾಗುವುದಿಲ್ಲ. ಪ್ರವಾಸ ವಿಮೆ ಹಳೆಯ ಕಾಯಿಲೆಗೆ ಎಷ್ಟು ಕೊಡುತ್ತದೆ ಎಂಬ ಸಾಲನ್ನು ಓದಿಯೇ ಸಹಿ ಹಾಕಿ. ಶೇಂಗಾ ಹಿಂಡಿ, ಜೋಳದ ಹಿಟ್ಟು ನಡೆಯುತ್ತದೆ. ತುಪ್ಪ, ಖೋವಾ, ಪೇಢಾ ಒಯ್ಯಬೇಡಿ, ಹಾಲಿನ ಪದಾರ್ಥವನ್ನು ಯುರೋಪಿನ ಕಸ್ಟಮ್ಸ್ ತೆಗೆದುಕೊಂಡುಬಿಡುತ್ತದೆ.

ಬಿಸಿಲೂರು (ಕಲಬುರಗಿ)
ಪೂರಾ ಹೋಗಿ ನೆಲಸೋದಕ್ಕಿಂತ ಇದು ನನಗೂ ಒಪ್ಪಿಗಿ ಆಯಿತು, ವಾದ ಅಷ್ಟು ತಿದ್ದಿಕೊಳ್ತೀನಿ. ಬ್ಯಾಸಿಗಿ ಮೂರು ತಿಂಗಳು ಮನಿ ಮುಚ್ಚೋವಾಗ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ತುಂಬಿಸ್ರಿ, ಚೌಕಟ್ಟಿಗೆ ಒರಲಿ ಔಷಧ ಹೊಡಸ್ರಿ, ಕೂಲರಿನ ನೀರು ಪೂರಾ ತೆಗೀರಿ. ತಾರೀಖಿನ ಲೆಕ್ಕ ಹೆಂಗ ಹಾಕಬೇಕು?

ಪಹಣಿ (ಸೇಡಂ)
ಒಳಗೆ ಹೋದ ದಿನ, ಹೊರಬಂದ ದಿನ ಎರಡೂ ಎಣಿಕೆಗೆ ಬರುತ್ತವೆ. ಮಾರ್ಚ್ 20ಕ್ಕೆ ಇಳಿದರೆ 90ನೇ ದಿನ ಜೂನ್ 17. ಅರ್ಜಿಯನ್ನು ಆರು ತಿಂಗಳು ಮೊದಲೇ, ಅಂದರೆ ಸೆಪ್ಟೆಂಬರ್ 20ರಿಂದ ಹಾಕಬಹುದು. ವಾಪಸ್ ಟಿಕೆಟ್ ಮಾತ್ರ ಜೂನ್ 13ಕ್ಕೇ ಮಾಡಿಸಿ. ಫುಂಚಾಲ್ ವಿಮಾನ ನಿಲ್ದಾಣದ ರನ್‌ವೇ ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಇದೆ, ಅಡ್ಡಗಾಳಿ ಬೀಸಿದರೆ ವಿಮಾನಗಳು ಇಳಿಯುವುದೇ ಇಲ್ಲ. ನಾಲ್ಕು ದಿನ ಕೈಯಲ್ಲಿ ಇಟ್ಟುಕೊಂಡರೆ 91ನೇ ದಿನ ಬರುವುದಿಲ್ಲ.