ಸಹಾಯ ಬೇಕು: ಪಶ್ಚಿಮದ ಗಾಳಿಗೆ ಹೊಗೆ ಒಲೆಬಾಯಿಗೇ ವಾಪಸ್ ಬರ್ತಿದೆ

ಮಡಿಕೇರಿ ಹತ್ತಿರ ಹೆಂಚಿನ ಮನೆ, ಅಡುಗೆಮನೇಲಿ ಸೌದೆ ಒಲೆ. ಚಿಮ್ನಿಗೆ 6 ಇಂಚಿನ ಜಿಐ ಪೈಪು, 45 ಡಿಗ್ರಿಯ ಎರಡು ಬೆಂಡು, ಒಟ್ಟು 13 ಅಡಿ ಎತ್ತರ. ಪೈಪು ಹೊರಗೆ ಬರೋದು ಮಾಡಿನ ಪೂರ್ವದ ಇಳಿಜಾರಲ್ಲಿ, ನೆತ್ತಿಯಿಂದ 5 ಅಡಿ ಆಚೆ. ತುದಿ ನೆತ್ತಿಗಿಂತ ಒಂದು ಅಡಿ ಕೆಳಗೇ ಇದೆ.

ಬೇಸಿಗೇಲಿ ಪೈಪು ಹೊಗೇನ ಚೆನ್ನಾಗಿ ಎಳೆಯುತ್ತೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸಿದಾಗ ಮಾತ್ರ ಹೊಗೆ ಒಳಗೆ ನುಗ್ಗಿ ಅಡುಗೆಮನೇಲಿ ನಿಲ್ಲೋಕಾಗಲ್ಲ.

ಮಸಿ ಪೂರ್ತಿ ಕೆರೆದಾಯ್ತು, ಜಾಯಿಂಟುಗಳಿಗೆ ಫೈರ್ ಸಿಮೆಂಟ್ ಹಾಕಾಯ್ತು. ಹಸಿ ಸಿಲ್ವರ್ ಓಕ್ ಬಿಟ್ಟು ಒಣಗಿದ ಕಾಫಿ ಸೌದೆ ಮಾತ್ರ ಉರಿಸ್ತಿದೀವಿ. ಮೊದಲು ಪೇಪರ್ ಉರಿಸಿ ಪೈಪು ಬಿಸಿ ಮಾಡಿದ್ರೂ ಗಾಳಿ ಬಂದ ಕೂಡಲೇ ಅದೇ ಕಥೆ, ಹಾಗಾಗಿ ತಣ್ಣನೆ ಪೈಪಿನ ಸಮಸ್ಯೆ ಇದಲ್ಲ. ಪಶ್ಚಿಮದ ಕಿಟಕಿ ತೆರೆದ್ರೆ ಸ್ವಲ್ಪ ಕಡಿಮೆ ಆಗುತ್ತೆ, ಪೂರ್ವದ್ದು ತೆರೆದ್ರೆ ಜಾಸ್ತಿ. ಪೈಪಿನ ತುದಿಗೆ ಮಳೆ ಬೀಳದಂತೆ ಹಾಕಿರೋ ಟೋಪಿ ಕೆಳಗೆ 3 ಇಂಚು ಸಂದಿದೆ, ಅದು ಸಾಕು. ನೆತ್ತಿ ದಾಟಿದ ಗಾಳಿ ಸುಳಿಯಾಗಿ ಪೈಪಿನ ಬಾಯಿ ಒತ್ತುತ್ತಿದೆ ಅಂತ ಕಾಣುತ್ತೆ.

ಪೈಪಿನ ತುದಿ ಸುತ್ತ 10 ಅಡಿ ಒಳಗಿರೋ ಎಲ್ಲಕ್ಕಿಂತ 2 ಅಡಿ ಎತ್ತರ ಇರಬೇಕು ಅನ್ನೋ ಲೆಕ್ಕಕ್ಕೆ 3 ಅಡಿ ಏರಿಸಬೇಕು. ಗೊಂದಲ ಇರೋದು ಇಲ್ಲೇ: ಒಂಟಿ ಪದರದ ಪೈಪು ಅಷ್ಟು ಹೊರಗೆ ನಿಂತ್ರೆ ಮಳೆಗೆ ತಣ್ಣಗಾಗಿ ಎಳೆತ ಕುಗ್ಗುತ್ತೆ, ಒಳಗೆ ಟಾರು ಕಟ್ಟುತ್ತೆ. ಗಾಳಿಗೆ ತಿರುಗೋ ಟೋಪಿ ಹಾಕೋಣ ಅಂದ್ರೆ ಅದೇ ಟಾರಿಗೆ ಬೇರಿಂಗ್ ಹಿಡಿದುಕೊಳ್ಳುತ್ತೆ.

ಇಲ್ಲಿನ ಮಳೆ ಗಾಳೀಲಿ ಮಾಡಿ ನೋಡಿದವರು ಹೇಳಿ: ಏರಿಸೋ 3 ಅಡಿಗೆ ನಡುವೆ ರಾಕ್‌ವೂಲ್ (ಬಿಸಿ ಹೊರಗೆ ಹೋಗದಂತೆ ತಡೆಯೋ ಕಲ್ಲಿನ ನಾರು) ತುಂಬಿದ ಎರಡು ಪದರದ ಪೈಪೇ ಬೇಕಾ, ಒಂಟಿ ಪೈಪಿಗೇ ಗಾಳಿಗೆ ಅಲುಗಾಡದಂತೆ ತಂತಿ ಬಿಗಿದ್ರೆ ಸಾಕಾ?